ಫಗಾ

ಜಹ್ರಾದ ಔಷಧಿ ಅಂಗಡಿಯಲ್ಲಿ
ಅಣಬೆ ಸೀಸೆಗಳಿಗೆ ನಾನೇ ಕಾವಲು:
ನಿದ್ದೆಗೊಂದು, ಸುಸ್ತಿಗೊಂದು, ಮರೆವಿಗೊಂದು.
ಅರವತ್ತು ಗುಳಿಗೆ, ಹದಿನೆಂಟು ದಿನಾರು.
"ನಿಜಕ್ಕೂ ಗುಣ ಆಗ್ತದಾ?" ಅಂದರೆ
"ಇಲಿಗಳಿಗೆ ಆಗಿದೆಯಂತೆ" ಅನ್ನುತ್ತೇನೆ.
ಮ್ಯಾನೇಜರ್ ಕೆಮ್ಮುತ್ತಾನೆ.

ಫೆಬ್ರವರಿ. ಉಮ್ ಮುತ್ಲಕ್ ಬಂದಳು,
ಎಡಗಣ್ಣಿಗೆ ಪೊರೆ.
ಕೌಂಟರಿನ ಮೇಲೆ ಗಂಟು ಬಿಚ್ಚಿದಳು:
ಫಗಾ, ಮರುಭೂಮಿಯ ನೆಲದಣಬೆ,
ಒಂಟೆಯ ಮೊಣಕಾಲಿನ ಬಣ್ಣ.
"ಸಿಡಿಲು ಬಿತ್ತಿದ್ದು. ಇದರ ನೀರು ಕಣ್ಣಿಗೆ ಮದ್ದು."

ಕಣ್ಣಿಗೆ ಮಾತ್ರ ಹಾಕಬೇಡಿ ತಾಯೀ,
ಗುರುವಾರ ಡಾಕ್ಟರು ಪೊರೆ ತೆಗೆಯುತ್ತಾರಲ್ಲ, ಅಂದೆ.
ನಕ್ಕಳು. "ಬಿರುಕು ಬಿಟ್ಟ ಮರಳು
ಹುಡುಕಿದ್ದು ನಾನೇ, ಇದೇ ಕಣ್ಣಿನಲ್ಲಿ.
ನಿನ್ನ ಡಾಕ್ಟರು ಹುಡುಕಲಿ, ನೋಡುವ."

ಒಂದನ್ನು ನನ್ನ ಕೈಗಿಟ್ಟು ಹೋದಳು
ಚಿಲ್ಲರೆ ಬಿಟ್ಟ ಹಾಗೆ.
ಮೂಸಿದೆ.
ಬಜ್ಪೆಯ ಮುರಕಲ್ಲು ಗುಡ್ಡೆ, ಮೊದಲ ಗುಡುಗು,
ಬೆರಳಲ್ಲಿ ಕೆದಕಿ ತೆಗೆದ ಕಲ್ಲಣಬೆ
ಹಲ್ಲಿನಡಿ ಟಪ್ಪೆಂದು ಒಡೆಯುವುದು.
ಅದು ಯಾವುದಕ್ಕೋ ಒಳ್ಳೆಯದು ಅನ್ನುತ್ತಿದ್ದಳು
ಮೊಂತಿ ಬಾಯಿ; ಯಾವುದಕ್ಕೆ, ನೆನಪಿಲ್ಲ.
ಮರೆವಿನ ಸೀಸೆ ಮೇಲಿನ ಸಾಲಿನಲ್ಲಿದೆ.

ರಾತ್ರಿ ರೂಮಿನಲ್ಲಿ ಈರುಳ್ಳಿ ಜೊತೆ ಬಾಡಿಸಿದೆ.
ಏಳು ಸಲ ತೊಳೆದಿದ್ದೆ,
ಆದರೂ ಮರಳು
ಹಲ್ಲಿಗೆ ಸಿಕ್ಕಿತು.