ಬಿಸಿಲಿಗಿಟ್ಟ ಕ್ಯಾಸೆಟ್

ಬೇಲೆಕೇರಿ ಬಂದರಿಗೆ ಅದಿರು ಹೊತ್ತು ಹೋದ ದೇವಪುತ್ರಪ್ಪ
ಮರಳಿ ಬರುವಾಗ ತಂದದ್ದು ಒಂದು ಕ್ಯಾಸೆಟ್.
ಹಡಗಿನ ಗ್ರೀಕ್ ಅಡುಗೆಯವನಿಗೆ ಇವನು ಕೊಟ್ಟದ್ದು
ಅರ್ಧ ಕಿಲೋ ಸಿರುಗುಪ್ಪದ ಒಣಮೆಣಸಿನಕಾಯಿ.
ಕೊರಳ ಶಿಲುಬೆ ತೋರಿಸಿ ಇಬ್ಬರೂ ನಕ್ಕರಂತೆ,
ಇದ್ದ ಭಾಷೆ ಅಷ್ಟೇ.

ತೋರಣಗಲ್ಲಿನ ಜಾಮಿನಲ್ಲಿ ಎರಡು ಹಗಲು
ಕೆಂಪು ಧೂಳಿನ ಲಾರಿಗಳ ಸಾಲು.
ಡ್ಯಾಶ್‌ಬೋರ್ಡಿನ ಮೇಲೆ ಅದು ಅಂಗಾತ ಮಲಗಿತ್ತು.
ಮೇ ತಿಂಗಳು.

ಕೌಲ್ ಬಜಾರಿನ ನಮ್ಮ ಗಾಯನಮಂಡಳಿ ಎಂದರೆ
ಹನ್ನೊಂದು ಜನ, ನನ್ನ ಹಾರ್ಮೋನಿಯಂ, ಅದರ ಎರಡು ಮೂಕ ಪಟ್ಟಿ.
ಊರಿಗೆ ದನಿ ಬೇಕಾದಾಗ ಬರುವುದು ಇಲ್ಲಿಗೇ:
ಯಾರ ಮದುವೆಯಾದರೂ ಕ್ಲಾರಿನೆಟ್ ಊದುವ ಇಮ್ಮಾನುವೇಲ,
ಗಣೇಶನ ಪೆಂಡಾಲಿನಲ್ಲಿ ಹಳೇ ಸಿನಿಮಾ ಹಾಡುವ ಸುಗುಣ,
ಜೀನ್ಸ್ ಹೊಲಿಯುವ ಮಷೀನಿನ ಗುಂಯ್‌ಗೆ
ವಾರವಿಡೀ ಶ್ರುತಿ ಕೂಡಿಸಿಕೊಂಡು
ಭಾನುವಾರ ಅದನ್ನೇ ತರುವ ಕರುಣಮ್ಮ.
ಮತ್ತೆ ನಮ್ಮ ಎಲೀಶಪ್ಪ ಮಾವ.
ಅವನಿಗೆ ಬರುವುದು ಒಂದೇ ಸ್ವರ.
"ನೀ ಸುಮ್ನೆ ತುಟಿ ಆಡ್ಸಪ, ಸಾಕು" ಅಂದಿದ್ದರು ಹಳೇ ಅಯ್ಯನವರು.
ಹತ್ತೊಂಬತ್ತು ವರ್ಷ ಆಡಿಸಿದ.

ಕ್ಯಾಸೆಟ್ಟಿನಲ್ಲಿ ಪೆಟ್ಟಿಗೆಯಿಲ್ಲ, ತಬಲಾ ಇಲ್ಲ,
ಬರೀ ಗಂಡಸರ ಗಂಟಲು,
ಬಾವಿಗೆ ಬಾಗಿ ಹಾಡಿದ ಹಾಗೆ.
ಎಲ್ಲರೂ ಏರುತ್ತಾರೆ, ಇಳಿಯುತ್ತಾರೆ, ಸುತ್ತುತ್ತಾರೆ
ಕೋಟೆಗುಡ್ಡದ ಸುತ್ತ ಆಟೋ ಸುತ್ತಿದ ಹಾಗೆ;
ಕೆಳಗೆ ಒಬ್ಬ ಮಾತ್ರ ಗುಡ್ಡ.
"ಆತ ಏನೂ ಹಾಡವಲ್ನಲ್ಲ?" ಸುಗುಣ ಕೇಳಿದಳು.
"ಹಿಡಕಂಡಾನ" ಅಂದ ಎಲೀಶಪ್ಪ ಮಾವ.
ಆ ಸಂಜೆಯೇ ಅವನಿಗೆ ಕಂಬದ ಪಕ್ಕ ಜಾಗವಾಯಿತು.

ಕಿರಿಯೆ ಎಲೆಯಿಸೋನ್.
ಕರ್ತನೇ ಕರುಣಿಸು ಎಂಬುದು ಗೊತ್ತಿತ್ತು,
ಉಳಿದದ್ದನ್ನು ಕಿವಿಯಿಂದ ಹೆಕ್ಕಿದೆವು, ನಾಲ್ಕು ತಿಂಗಳು.
ಮೂರನೇ ಸಲ ಬರುವಾಗ ಒಂದು ಕಡೆ
ದನಿಯೆಲ್ಲ ಕಾದ ಬೆಲ್ಲದ ಎಳೆಯಂತೆ ಜೋಲುತ್ತದೆ,
ಗುಡ್ಡವೂ ಜೋಲುತ್ತದೆ,
ನಡುಗಿ, ಮತ್ತೆ ಮೇಲೆ ಬರುತ್ತದೆ.
ಆ ದೇಶದವರು ಅಲ್ಲಿ ಮೊಣಕಾಲೂರುತ್ತಾರೇನೋ ಅಂದುಕೊಂಡು
ಆ ಜೋಲನ್ನೂ ಕಲಿತೆವು.
ನನ್ನ ಪೆಟ್ಟಿಗೆಯ ಯಾವ ಪಟ್ಟಿಯಲ್ಲೂ ಅದಿಲ್ಲ,
ಅಲ್ಲಿಗೆ ಬಂದಾಗ ಬೆರಳೆತ್ತಿ ಕೂರುತ್ತೇನೆ.

ಒಂದು ಶುಭ ಶುಕ್ರವಾರ
ಬಯಲಾಟದ ಹಿಮ್ಮೇಳದ ಹುಲುಗಪ್ಪ ಮೇಷ್ಟ್ರು
ಗೇಟಿನ ಹೊರಗೆ ಸೈಕಲ್ ಹಿಡಿದು ಪೂರಾ ಕೇಳಿ
"ಯಾವ ರಾಗಮ್ಮ ಅದು?" ಎಂದರು.
ಹೊರದೇಶದ್ದು ಅಂದೆ.
ತಲೆಯಾಡಿಸಿದರು, ಒಪ್ಪಿದಂತಲ್ಲ.

ಈಗ ಇಮ್ಮಾನುವೇಲನ ಮಗ ಫೋನು ತಂದಿದ್ದಾನೆ:
ಕರೀ ನಿಲುವಂಗಿ, ಎಡಕ್ಕೊಂದು ಗುಂಪು, ಬಲಕ್ಕೊಂದು,
ಅದೇ ಪ್ರಾರ್ಥನೆ.
ಮೂರನೇ ಸಲ, ಆ ಜಾಗ.
ಸ್ಕೇಲು ಇಟ್ಟು ಗೆರೆ ಎಳೆದಂತೆ ನೆಟ್ಟಗೆ ದಾಟಿತು.
ಇನ್ನೊಂದು ಗುಡಿ, ಇನ್ನೊಂದು ಮಂಡಳಿ, ಅಲ್ಲೂ ನೆಟ್ಟಗೆ.
ಎಲ್ಲರೂ ದೇವಪುತ್ರಪ್ಪನ ಕಡೆ ನೋಡಿದೆವು.
ಮುದುಕ ಚಪ್ಪಲಿ ನೋಡುತ್ತ ಅಂದ:
"ತೋರಣಗಲ್ಲಿನ್ಯಾಗ ಬಿಸ್ಲಿತ್ತು."

ತಿದ್ದಿಕೊಂಡೆವು. ಭಾನುವಾರ ನೆಟ್ಟಗೆ ಹಾಡಿದೆವು.
ಮೂರನೇ ಸಲ ಜೋಲಲಿಲ್ಲ,
ಹಿಂದಿನ ಬೆಂಚುಗಳಲ್ಲಿ ಅರ್ಧ ಜನ ನಿಂತೇ ಇದ್ದರು,
ಅರ್ಧ ಜನ ಬಗ್ಗಿ, ಮತ್ತೆ ಎದ್ದು,
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಶಾಂತವೀರಮ್ಮ ಗಟ್ಟಿಯಾಗೇ ಕೇಳಿದಳು:
"ಇವತ್ತು ಮೊಣಕಾಲೂರೋದು ಯಾವಾಗ?"

ನಾನು ಪುಸ್ತಕದ ಹಾಳೆ ತಿರುವಿದೆ.
ಕಂಬದ ಪಕ್ಕದಿಂದ, ಯಾರನ್ನೂ ಕೇಳದೆ,
ಎಲೀಶಪ್ಪ ಮಾವ ತನ್ನ ಆ ಒಂದೇ ಸ್ವರ ತೆಗೆದ,
ಹಿಡಿದ,
ಮೆಲ್ಲಗೆ ಇಳಿಸಿದ.
ನನ್ನ ಬೆರಳು ತಾವೇ ಎದ್ದವು.
ಬೆಂಚುಗಳು ಕಿರುಗುಟ್ಟಿದವು.