ಶಾಲು ಮಲಗಿದ ರಾತ್ರಿ

ಹಾಸಿಗೆಯಿದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಸರಿ.
ಹಾಸಿಗೆಯನ್ನೇ ಶಾಲು ಹಿಡಿದುಕೊಂಡರೆ?

ಸಂಜೆ ತೊಳೆದೆ, ಉಗುರುಬೆಚ್ಚಗಿನ ನೀರಲ್ಲಿ,
ಕೂಸಿನ ತಲೆ ತೊಳೆದ ಹಾಗೆ, ತಿಕ್ಕದೆ, ಹಿಂಡದೆ.
ಟವಲಿನಲ್ಲಿ ಸುತ್ತಿ ಅದರ ಮೇಲೆ ಕೂತೆ, ಅಷ್ಟೆ.
ಒದ್ದೆಯಿದ್ದಾಗ ಒಂದು ಮುಷ್ಟಿ, ಬೆಂದ ಸೊಪ್ಪಿನ ಹಾಗೆ.
ಈಗ ಮಂಚದ ತುಂಬ ನಾನೂರು ಗುಂಡುಸೂಜಿ ಚುಚ್ಚಿ
ಮೂಲೆಯಿಂದ ಮೂಲೆಗೆ ಎಳೆದು ಬಿಗಿದಿದ್ದೇನೆ.
ಬೆಳಗಾಗುವ ತನಕ ಯಾರೂ ಮುಟ್ಟಕೂಡದು.

ಕಾಲ್ಯೋ ಬಾಗಿಲಲ್ಲಿ ನಿಂತ, ದಿಂಬು ಅವುಚಿಕೊಂಡು.
"ಹಾಗಾದರೆ ನಾವು?"
"ಅಡುಗೆಮನೆ."

ಇವನು ಹಾಪ್ಸಲು ನಿಲ್ದಾಣದಲ್ಲಿ ವರ್ಷಾನುಗಟ್ಟಲೆ
ಕೆಂಪು ಹಸಿರು ದೀಪ ತೋರಿಸಿದವನು.
ಮೊದಲು ರೈಲು ನಿಂತಿತು, ಆಮೇಲೆ ಹಳಿಯನ್ನೂ ಕಿತ್ತರು,
ಉಳಿದದ್ದು ಉದ್ದದ ಪ್ಲಾಟ್‌ಫಾರ್ಮು, ಇವನ ಎರಡು ಕೈ.
ಆ ಕೈ ಸುಮ್ಮನಿರಲಾರದೆ ಗಡಿಯಾರ ಬಿಚ್ಚಿತು,
ರೇಡಿಯೋ ಬಿಚ್ಚಿತು.
ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದ ದಿನ
ಐದು ಕಡ್ಡಿ, ಒಂದು ಉಂಡೆ ಬೂದು ಉಣ್ಣೆ ಕೊಟ್ಟು ಕೂರಿಸಿದೆ.

ಹಿಮ್ಮಡಿ ತಿರುಗಿಸುವುದು ಒಂದೇ ಸಲಕ್ಕೆ ಬಂತು.
"ತಿರುವಿನಲ್ಲಿ ಹಳಿಯೂ ಹೀಗೇ" ಅಂದ,
"ಒಳಗಿನದು ಗಿಡ್ಡ, ಹೊರಗಿನದು ಉದ್ದ."
ಆದರೆ ಒಂದು ಕಾಲಿನದು ಮುಗಿದರೆ ಇವನಿಗೆ ಊರು ಸೇರಿದಂತೆ,
ಬಂದ ದಾರಿಯಲ್ಲೇ ಇನ್ನೊಂದು ಸಲ ಯಾಕೆ ಅನ್ನುತ್ತಾನೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನೇಳು ಒಂಟಿ ಕಾಲುಚೀಲ,
ಹದಿನೇಳೂ ಎಡಗಾಲಿನವಂತೆ.

ನನ್ನದು ಬೇರೆ ರೋಗ.
ಲೋಕದ ಹೆಂಗಸರು ತೂತು ಮುಚ್ಚುತ್ತಾರೆ, ನಾನು ತೂತನ್ನೇ ಹೆಣೆಯುತ್ತೇನೆ.
ಒಂದೇ ಕುಣಿಕೆಯೊಳಗಿಂದ ಏಳು ಎಳೆ ಎತ್ತಿ,
ಮರುಸಾಲಿನಲ್ಲಿ ಏಳಕ್ಕೂ ಒಟ್ಟಿಗೆ ಕಡ್ಡಿ ತೂರಿಸಿದರೆ
ಒಂದು ಗುಬುಟು. ಲಿಲ್ಲಿಯ ಒಂದು ಮೊಗ್ಗು.
ಬಿಗಿ ಹಿಡಿದರೆ ಕಡ್ಡಿ ನುಸುಳದು,
ಸಡಿಲ ಬಿಟ್ಟರೆ ಮೊಗ್ಗು ಜೋಲುಮೋರೆ ಹಾಕುತ್ತದೆ.
ಹೊಸದರಲ್ಲಿ ಅತ್ತೆ ಬೆರಳ ಗಂಟಿಗೆ ಕಡ್ಡಿಯಿಂದ ತಟ್ಟುತ್ತಿದ್ದಳು:
ಸಡಿಲ, ಎಂಡ್ಲಾ, ಇನ್ನೂ ಸಡಿಲ.
ಉಣ್ಣೆಯ ಮಾತೋ, ಅವಳ ಮಗನ ಮಾತೋ
ಬಿಡಿಸಿ ಹೇಳದೆಯೇ ಹೋದಳು.

ಯಾರಿಗೆ ಇದು, ಎಂದು ಮೆಟ್ಟಿಲಲ್ಲಿ ಸಿಕ್ಕ ಲೈನೆ ಕೇಳುತ್ತಾಳೆ.
ಮದುವೆಯಿಲ್ಲ, ನಾಮಕರಣವಿಲ್ಲ, ಮಾರುವುದೂ ಇಲ್ಲ.
ಯಾರಿಗೂ ಅಲ್ಲ ಅಂದರೆ ಅವಳಿಗೆ ಸಿಟ್ಟು.
ದಿನಾ ರಾತ್ರಿ ಒಬ್ಬಳೇ ಇಸ್ಪೀಟು ಹಾಕಿ
ತನ್ನನ್ನೇ ಸೋಲಿಸುತ್ತಾಳಲ್ಲ, ಅದು ಯಾರಿಗೆ?

ಅಡುಗೆಮನೆಯ ನೆಲ. ಹೊರಗೆ ಕೊಲ್ಲಿಯ ನೀರು
ಹೆಪ್ಪುಗಟ್ಟುತ್ತ ಆಗೊಮ್ಮೆ ಲಟಕ್ಕೆನ್ನುತ್ತದೆ.
ಫ್ರಿಜ್ಜಿನ ಗೊರಕೆಗೆ ಕಾಲ್ಯೋ ಶ್ರುತಿ ಸೇರಿಸುವ ಮೊದಲೇ
"ಕಾಲು ಕೊರೆಯುತ್ತಿದೆ" ಅಂದೆ.
ಎದ್ದ. ಕತ್ತಲಲ್ಲಿ ಡಬ್ಬಿಗೆ ಕೈಹಾಕಿ ಎರಡೆಳೆದು ತೊಡಿಸಿದ,
ಒಂದು ಮೊಣಕಾಲಿಗೆ ಬಂತು, ಒಂದು ಹರಡಿಗೇ ನಿಂತಿತು.
"ಎರಡೂ ಎಡ" ಅಂದೆ.
"ರೈಲಿಗೆ ಎಡ ಬಲ ಇಲ್ಲ, ಮಲಗು."

ಎರಡೋ ಮೂರೋ ಗಂಟೆ. ಪಕ್ಕ ಖಾಲಿ.
ಎದ್ದು ಹೋದರೆ ಮಂಚದ ಬಳಿ ಇದ್ದಾನೆ,
ನಿಲ್ಲದೆ ಹಾಯುವ ರೈಲಿಗೆ ನಿಲ್ಲುತ್ತಿದ್ದ ಹಾಗೆ,
ನೆಟ್ಟಗೆ, ಕೈ ಹಿಂದೆ ಕಟ್ಟಿ.
ಬೀದಿದೀಪ ಶಾಲಿನ ಮೇಲೆ ಬಿದ್ದಿತ್ತು.
ತೂತುಗಳಲ್ಲಿ ಹಾಸಿಗೆಯ ನೀಲಿ ಪಟ್ಟೆ ಕಾಣುತ್ತಿತ್ತು,
ಅದೂ ನಾನೇ ಹೆಣೆದದ್ದೆಂಬಂತೆ.

"ಇಲ್ಲೊಂದು ಮೊಗ್ಗು ಬಿಟ್ಟುಹೋಗಿದೆ" ಅಂದ ಮೆಲ್ಲಗೆ,
ಅಪಘಾತದ ಸುದ್ದಿ ತಿಳಿಸುವವನ ದನಿಯಲ್ಲಿ.
"ಗೊತ್ತು. ನವೆಂಬರಿನಲ್ಲಿ. ನೀನು ಕರೆದಿದ್ದೆ."
"ಏನಕ್ಕೆ?"
"ನನಗೂ ನೆನಪಿಲ್ಲ. ಎದ್ದು ಬಂದಿದ್ದೆ."

ಆಮೇಲೆ ಇಬ್ಬರೂ ಏನೂ ಅನ್ನಲಿಲ್ಲ.
ಬೆಳಿಗ್ಗೆ ಸೂಜಿ ಕೀಳುವಾಗ ಎಣಿಸಬೇಕು.
ಹೋದ ಸಲ ಒಂದು ಹಾಸಿಗೆಯಲ್ಲೇ ಉಳಿದು
ವಾರದ ಮೇಲೆ ಇವನ ಬೆನ್ನಿಗೆ ಸಿಕ್ಕಿತ್ತು.