ಇಳಿತದ ಹೊತ್ತಿನ ಹಾಜರಿ

ಉಮ್ಮ್ ಅಲ್ ಕುವೈನ್, ಶನಿವಾರ, ಬೆಳಗಿನ ಐದೂ ಮುಕ್ಕಾಲು.
ಖೋರಿನ ನೀರು ಹಿಂದೆ ಸರಿಯುತ್ತಿದೆ,
ಸಾಲ ಕೇಳಲು ಬಂದು
ಕೇಳದೆಯೇ ಎದ್ದು ಹೋಗುವ ನೆಂಟನ ಹಾಗೆ.
ಮಿನಿಬಸ್ಸಿನಿಂದ ಇಳಿದವರು ಹನ್ನೊಂದು ಮಂದಿ.
ನನ್ನ ಪಟ್ಟಿಯಲ್ಲಿರುವುದು ಹನ್ನೆರಡು ಹೆಸರು.

ಮೊದಲು ಬೂಟು ನೋಡುತ್ತೇನೆ, ಮುಖ ಆಮೇಲೆ.
ರೋವೆನಾಳದು ಅಣ್ಣನ ಬೂಟು, ತುದಿಗೆ ಪೇಪರು ತುರುಕಿದೆ.
ಘಾಯಾಳದು ಹೊಚ್ಚಹೊಸದು, ಬೆಲೆಚೀಟಿ ಇನ್ನೂ ಅಂಟಿಕೊಂಡಿದೆ.
ಮಿಕ್ದಾದ್ ಬರಿಗಾಲು.
‘ಕೆಸರಲ್ಲಿ ಗಾಜು ಇರ್ತದೆ ಮಾರಾಯ’ ಅಂದರೆ
‘ನೈಲ್ ನದಿಯಲ್ಲೂ ಇತ್ತು, ಬೋಳಾರ್ ಸರ್’ ಅನ್ನುತ್ತಾನೆ.
ಹುಟ್ಟಿದ್ದು ಅಜ್ಮಾನಿನ ಆಸ್ಪತ್ರೆಯಲ್ಲಿ,
ನೈಲನ್ನು ಫೋನಿನಲ್ಲಿ ಮಾತ್ರ ನೋಡಿದ ಹುಡುಗ.

ಕೆಲಸ ಇಷ್ಟೇ: ಹೂತುಹೋದ ಗರ್ಗೂರುಗಳನ್ನು ಎಳೆದು ದಡಕ್ಕೆ ಹಾಕುವುದು.
ಗರ್ಗೂರು ಅಂದರೆ ತಂತಿಯಲ್ಲಿ ಹೆಣೆದ ಗುಮ್ಮಟ.
ಮೀನಿಗೆ ಒಳಹೋಗುವ ದಾರಿ ಉಂಟು, ಹೊರಬರುವ ದಾರಿ ಇಲ್ಲ.
ಹಗ್ಗ ಹರಿದು, ಯಜಮಾನ ಮರೆತು ಎಷ್ಟೋ ವರ್ಷವಾದರೂ
ಅದು ಹಿಡಿಯುತ್ತಲೇ ಇರುತ್ತದೆ.
ಸತ್ತ ಮೀನೇ ಮುಂದಿನ ಮೀನಿಗೆ ಎರೆ.
ಇಪ್ಪತ್ತಾರು ವರ್ಷದಿಂದ ಈ ದೇಶದಲ್ಲಿರುವ ನಾನು
ಈ ಪಾಠ ಮಾತ್ರ ಬೇಗ ಮುಗಿಸಿಬಿಡುತ್ತೇನೆ.

ಬೇರು ತುಳಿಯಬೇಡಿ. ಅದನ್ನು ಹತ್ತು ಸಲ ಹೇಳುತ್ತೇನೆ.
ಉಪ್ಪಟಿ ಮರ ಕೆಸರಿನಿಂದ ಪೆನ್ಸಿಲುಗಳನ್ನು ಮೇಲೆತ್ತಿ
ಅವುಗಳಿಂದಲೇ ಉಸಿರಾಡುತ್ತದೆ.
‘ಕುರ್ಮ್’ ಎಂದು ತಿದ್ದುತ್ತಾಳೆ ಘಾಯಾ,
‘ನಮ್ಮಜ್ಜಿ ಇದರ ಸೊಪ್ಪು ಒಂಟೆಗೆ ಹಾಕ್ತಿದ್ದಳು.’
‘ಬಕಾವಾನ್’ ಅನ್ನುತ್ತಾಳೆ ರೋವೆನಾ, ಅಷ್ಟು ಖಾತ್ರಿ ಇಲ್ಲದೆ.
ಉಳ್ಳಾಲದ ಸಿನಾನ್‌ಗೆ ಯಾವ ಹೆಸರೂ ಗೊತ್ತಿಲ್ಲ,
ಗೊತ್ತಿಲ್ಲ ಎಂಬುದು ನನಗೆ ಗೊತ್ತಾಗದಿರಲೆಂದು
ಬಗ್ಗಿ ಲೇಸು ಕಟ್ಟಿಕೊಳ್ಳುತ್ತಾನೆ. ಅವನ ಬೂಟಿಗೆ ಲೇಸೇ ಇಲ್ಲ.

ಎರಡನೇ ಗರ್ಗೂರು ಮೊಂಡು. ಎಂಟು ಜನ ಹಗ್ಗ ಹಿಡಿದೆವು.
ದಮ್ಮು ತೆಗೆಯಲು ನಿಂತಾಗ ರೋವೆನಾ ಕೇಳಿದಳು,
ಆಚೆ ದಡದ ಬಿಳಿ ವಿಲ್ಲಾಗಳ ಕಡೆ ಗಲ್ಲ ತೋರಿಸಿ:
‘ಅಲ್ಲೂ ಮರ ಇತ್ತಾ ಸರ್?’

ನಾನು ನೀರಿನ ಬಾಟಲಿ ಎಣಿಸಿದೆ.
ಇನ್ನೊಮ್ಮೆ ಎಣಿಸಿದೆ.
‘ಇತ್ತು. ನಾನೇ ಮುಚ್ಚಿದ್ದು.
ಡ್ರೆಜ್ಜರಿನ ಪೈಪು ಮರಳು ಕಕ್ಕುತ್ತಿತ್ತು,
ಎಲ್ಲಿ ಕಕ್ಕಬೇಕೆಂದು ಕೆಂಪು ಬಾವುಟ ಹಿಡಿದು ತೋರಿಸುವ ಕೆಲಸ ನನ್ನದು.
ಬೇರಿನ ತುದಿಗಳು ಮೊದಲು ಕಾಣೆಯಾದವು.
ಎಲೆಗೆ ವಿಷಯ ತಿಳಿಯಲು ಎರಡು ವಾರ ಬೇಕಾಯಿತು.’

ಮಿಕ್ದಾದ್ ಹಗ್ಗ ಬಿಡದೆ ಕೇಳಿದ: ‘ಸಂಬಳ ಎಷ್ಟು?’
‘ಒಂಬೈನೂರು ದಿರ್ಹಮ್.’
ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು.
ಆಮೇಲೆ ಸಿನಾನ್, ನಿಜವಾದ ಮರುಕದಿಂದ:
‘ಬರೀ ಅಷ್ಟೇನಾ?’

ಏನು ಹೇಳಲಿ. ಎಳೆಯಿರೋ ಅಂದೆ. ಎಳೆದರು.
ಬಂತು ಅದು, ಕೆಸರು ತುಟಿ ಚಪ್ಪರಿಸಿದ ಸದ್ದಿನೊಂದಿಗೆ,
ಒಳಗೊಂದು ಏಡಿ, ಜೀವಂತ.
ಕಟ್ಟರಿನಿಂದ ತಂತಿ ಕತ್ತರಿಸಿ ಬಾಗಿಲು ಮಾಡಿದೆವು.
ಏಡಿ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.
ರೋವೆನಾ ಅಲುಗಿಸಿದಳು, ಘಾಯಾ ಬೈದಳು, ಮೂರು ಭಾಷೆಯಲ್ಲಿ ಕರೆದರು.
ಖುಬ್ಬೂಸು ತಿನ್ನಲು ಕೂತಾಗಲೂ ಅಲ್ಲೇ ಇತ್ತು.
ತಿಂದು ಬಂದು ನೋಡಿದರೆ ಇರಲಿಲ್ಲ.
ಹೋದದ್ದನ್ನು ಯಾರೂ ಕಂಡಿಲ್ಲ,
ನಾನು ಕಂಡೆ ಎಂದು ಇಬ್ಬರು ಆಣೆ ಹಾಕಿದರು.

ದಿಲ್ಶಾನಿಯ ಕೈಗವಸು ಡಬ್ಬಿಯ ತಳದಲ್ಲೇ ಉಳಿದಿದೆ,
ಎಲ್ಲಕ್ಕಿಂತ ಚಿಕ್ಕ ಜೋಡಿ, ಬೇರೆ ಯಾರಿಗೂ ಆಗದು.
ಅಪ್ಪನ ವೀಸಾ ರದ್ದಾಗಿ ಮಂಗಳವಾರ ಕೊಲಂಬೊ ವಿಮಾನ ಹತ್ತಿದಳಂತೆ.
ಹೋದ ವಾರ ನನ್ನ ಬಳಿ ಅವಳು ಕೇಳಿದ್ದು
ಉಪ್ಪಟಿ ಆಳೆತ್ತರ ಬೆಳೆಯಲು ಎಷ್ಟು ವರ್ಷ ಎಂದು.
ಜಾತಿ, ನೀರು, ಉಪ್ಪು ಎಂದೆಲ್ಲ ಉದ್ದಕ್ಕೆ ವಿವರಿಸಿದ್ದೆ,
ದಡ್ಡ.

ಹತ್ತಕ್ಕೆ ನೀರು ಮರಳಿ ಪಾದ ಮುಟ್ಟಿತು.
ಮುನಿಸಿಪಾಲಿಟಿಯ ಕಾವಲುಗಾರ ಕಾಗದ ತಂದ.
ಒಳಹೋದವರು: ಹನ್ನೊಂದು. ಹೊರಬಂದವರು: ಹನ್ನೊಂದು.
ತೆಗೆದ ಬೋನುಗಳು: ನಾಲ್ಕು.
ಅದರ ಕೆಳಗೆ, ಜವಾಬ್ದಾರಿ ಹೊತ್ತವರ ಸಹಿ.
ಕಾಗದ ಒದ್ದೆಯಾಗಿತ್ತು, ಪೆನ್ನು ಹಿಡಿಯಲಿಲ್ಲ.
ಮಿಕ್ದಾದನ ಬೆನ್ನ ಮೇಲಿಟ್ಟು
ಮೂರು ಸಲ ಒತ್ತಿ ಬರೆದೆ.